ಕಲ್ಲು, ಮೂಳೆಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಮಕ್ಕಳೇ, ಮಲ್ಲಟದಿಂದ ಮಾನ್ವಿಗೋ ದೇವದುರ್ಗಕ್ಕೋ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ಏನೇನು ಕಾಣುತ್ತದೆ? ಒಂದು ಕಡೆ ಕಪ್ಪನೆಯ ಎರೆ ಹೊಲ. ಇನ್ನೊಂದು ಕಡೆ ಕೆಂಪನೆಯ ಮಸಾರಿ ಹೊಲ. ನಡುವೆ ಅಲ್ಲಲ್ಲಿ, ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಕಲ್ಲುಗಳ ಗುಡ್ಡ. ಬೇಸಿಗೆ ಬಂತೆಂದರೆ ಒಣಗಿ ಬಿರುಕು ಬಿಡುವ ಹಳ್ಳ. ಕಾಲುವೆ ನೀರು ಬರುವಲ್ಲಿ ಮಾತ್ರ ಹಸಿರು.

ಈ ನೆಲ ಯಾವಾಗಲೂ ಹೀಗೆಯೇ ಇತ್ತೇ? ಇಲ್ಲಿ ಮೊದಲು ಯಾರಿದ್ದರು? ಯಾವ ಪ್ರಾಣಿಗಳಿದ್ದವು? ಇದನ್ನು ತಿಳಿಸಲು ಆಗ ಬರೆದಿಟ್ಟ ಪುಸ್ತಕವಿಲ್ಲ. ಆಗ ಬರವಣಿಗೆಯೇ ಇರಲಿಲ್ಲ. ಹಾಗಾದರೆ ನಮಗೆ ತಿಳಿಯುವುದು ಹೇಗೆ?

ಸುಮಾರು 150 ವರ್ಷಗಳ ಹಿಂದೆ ಒಬ್ಬರು ಈ ನೆಲದಲ್ಲಿ ಓಡಾಡುತ್ತಾ ಇದೇ ಪ್ರಶ್ನೆಗೆ ಉತ್ತರ ಹುಡುಕಿದರು. ಅವರ ಕೈಯಲ್ಲಿದ್ದದ್ದು ಒಂದು ಸುತ್ತಿಗೆ ಮತ್ತು ಒಂದು ಟಿಪ್ಪಣಿ ಪುಸ್ತಕ. ಅವರು ಓದಿದ್ದು ಕಲ್ಲನ್ನು, ಮಣ್ಣನ್ನು ಮತ್ತು ಮೂಳೆಯನ್ನು. ಅವರೇ ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗೈತಿಹಾಸಿಕ ಅಧ್ಯಯನದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಬನ್ನಿ, ಅವರ ಕತೆ ಕೇಳೋಣ.

ಇಂಗ್ಲೆಂಡಿನಿಂದ ಮದ್ರಾಸಿಗೆ

ಫೂಟ್ ಅವರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. ಅವರು ಬೆಳೆಯುತ್ತಿದ್ದ ಕಾಲದಲ್ಲಿ ಭೂವಿಜ್ಞಾನ ಹೊಸ ವಿಷಯ. ಭೂಮಿಯ ವಯಸ್ಸೆಷ್ಟು, ಬೆಟ್ಟ ಹೇಗಾಯಿತು, ಕಲ್ಲಿನೊಳಗೆ ಚಿಪ್ಪು ಹೇಗೆ ಬಂತು ಎಂದು ಜನ ಕುತೂಹಲದಿಂದ ಕೇಳುತ್ತಿದ್ದರು.

ನಮ್ಮ ದೇಶದಲ್ಲಿ 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆರಂಭವಾಯಿತು. ಆಗ ಆಳುತ್ತಿದ್ದ ಬ್ರಿಟಿಷರಿಗೆ ರೈಲು ಓಡಿಸಲು ಕಲ್ಲಿದ್ದಲು ಬೇಕಾಗಿತ್ತು. ಕಬ್ಬಿಣ, ಚಿನ್ನ ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಾಗಿತ್ತು. ಅದಕ್ಕಾಗಿ ದೇಶದ ನೆಲವನ್ನೆಲ್ಲ ನಡೆದು ನೋಡಿ ನಕ್ಷೆ ಬರೆಯುವ ಕೆಲಸ ಈ ಸಂಸ್ಥೆಯದು. 1858ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಫೂಟ್ ಅವರು ಇದರಲ್ಲಿ ಕೆಲಸಕ್ಕೆ ಸೇರಿದರು. ಅವರನ್ನು ದಕ್ಷಿಣ ಭಾರತಕ್ಕೆ ಕಳುಹಿಸಲಾಯಿತು. ಮುಂದಿನ 33 ವರ್ಷ ಅವರು ಅದೇ ಸಂಸ್ಥೆಯಲ್ಲಿದ್ದರು.

ಆಗ ಜೀಪು ಇರಲಿಲ್ಲ. ಬಹಳ ಕಡೆ ಸರಿಯಾದ ರಸ್ತೆಯೂ ಇರಲಿಲ್ಲ. ನಡೆದು, ಕುದುರೆ ಏರಿ, ಗುಡಾರದಲ್ಲಿ ಮಲಗಿ ಕೆಲಸ ಮಾಡಬೇಕು. ಹಳ್ಳದ ದಂಡೆ, ಬಾವಿಯ ಗೋಡೆ, ಕಡಿದ ಗುಡ್ಡ, ಎಲ್ಲೆಲ್ಲಿ ನೆಲದ ಒಳಭಾಗ ಕಾಣುತ್ತದೋ ಅಲ್ಲೆಲ್ಲ ನಿಂತು ನೋಡಬೇಕು. ಯಾವ ಕಲ್ಲು ಎಲ್ಲಿ ಸಿಕ್ಕಿತು, ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು ಎಂದು ಬರೆದುಕೊಳ್ಳಬೇಕು. ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ. ನಮ್ಮ ಕತೆಗೆ ಇದು ಬಹಳ ಮುಖ್ಯ.

ಗರಸಿನ ಗುಂಡಿಯಲ್ಲಿ ಸಿಕ್ಕ ಕಲ್ಲು

1863ರ ಮೇ 30. ಫೂಟ್ ಅವರಿಗೆ ಆಗ 28 ವರ್ಷ. ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಸೈನಿಕರ ಕವಾಯತು ಮೈದಾನವಿತ್ತು. ಅಲ್ಲಿ ಗರಸು ತೆಗೆಯಲು ಅಗೆದ ಒಂದು ಗುಂಡಿ. ಅದರೊಳಗೆ ಜಂಬಿಟ್ಟಿಗೆಯ ಕೆಂಪು ಗರಸಿನ ನಡುವೆ ಅವರಿಗೆ ಒಂದು ಕಲ್ಲು ಕಂಡಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮರದ ಕಾಯಿಗೆ ಗುರಿಯಿಟ್ಟು ಎಸೆಯುತ್ತಿದ್ದಿರೇನೋ! ಫೂಟ್ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳ್ಳದಲ್ಲಿ ಉರುಳಿದ ಕಲ್ಲು ನುಣ್ಣಗೆ, ದುಂಡಗೆ ಇರುತ್ತದೆ. ಬಿಸಿಲಿಗೆ ಸಿಡಿದ ಕಲ್ಲು ಅಡ್ಡಾದಿಡ್ಡಿಯಾಗಿ ಒಡೆದಿರುತ್ತದೆ. ಇದು ಹಾಗಿರಲಿಲ್ಲ. ಬೇಕೆಂದೇ ಚಕ್ಕೆ ಎಬ್ಬಿಸಿ ಅಂಚನ್ನು ಹರಿತ ಮಾಡಿದ ಕಲ್ಲು ಅದು. ಅಂದರೆ ಮನುಷ್ಯನ ಕೈಕೆಲಸ!

ಇದಕ್ಕೆ ನಾಲ್ಕು ವರ್ಷ ಮೊದಲು, 1859ರಲ್ಲಿ, ಫ್ರಾನ್ಸ್ ದೇಶದ ಸೋಮ್ ನದಿಯ ಕಣಿವೆಯಲ್ಲಿ ಇಂಥ ಕಲ್ಲಿನ ಆಯುಧಗಳು ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆ ಸಿಕ್ಕಿವೆ ಎಂದು ವಿಜ್ಞಾನಿಗಳು ಒಪ್ಪಿಕೊಂಡಿದ್ದರು. ಅಲ್ಲಿಯವರೆಗೆ, ಮನುಷ್ಯ ಭೂಮಿಗೆ ಬಂದು ಕೆಲವೇ ಸಾವಿರ ವರ್ಷಗಳಾದವು ಎಂದು ಅನೇಕರು ನಂಬಿದ್ದರು. ಈ ಸುದ್ದಿ ಫೂಟ್ ಅವರಿಗೆ ಗೊತ್ತಿತ್ತು. ಆದ್ದರಿಂದಲೇ ತಮ್ಮ ಕೈಯಲ್ಲಿದ್ದ ಕಲ್ಲಿನ ಬೆಲೆ ಅವರಿಗೆ ತಿಳಿಯಿತು. ಭಾರತದಲ್ಲಿಯೂ ಅಷ್ಟೇ ಹಳೆಯ ಕಾಲದಲ್ಲಿ ಮನುಷ್ಯರಿದ್ದರು ಎಂಬುದಕ್ಕೆ ಅದು ಮೊದಲ ಸಾಕ್ಷಿಯಾಯಿತು.

ಒಂದೇ ಕಲ್ಲು ಸಾಕೇ? ಸಾಲದು. ಅವರು ಹುಡುಕಾಟ ಮುಂದುವರಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಜೊತೆಗಾರ ವಿಲಿಯಂ ಕಿಂಗ್ ಅವರೊಂದಿಗೆ, ಅತ್ತಿರಂಪಾಕ್ಕಂ ಎಂಬ ಸ್ಥಳದಲ್ಲಿ ಇಂಥ ಕೈಗೊಡಲಿಗಳನ್ನು ಕಂಡರು.

ಗೋಕಾಕಿನ ಘೇಂಡಾಮೃಗ

ಆಮೇಲೆ ಫೂಟ್ ಅವರ ಕೆಲಸ ನಮ್ಮ ಕಡೆಗೆ ಬಂತು. ಇಂದಿನ ಬೆಳಗಾವಿ, ಬಾಗಲಕೋಟೆ, ಧಾರವಾಡ ಭಾಗಗಳ ನೆಲವನ್ನು ಅವರು ಪರೀಕ್ಷಿಸಿದರು. ಗೋಕಾಕಿನ ಹತ್ತಿರ ಒಂದು ಹಳ್ಳದ ಜೇಡಿಮಣ್ಣಿನಲ್ಲಿ ಅವರಿಗೆ ಹಲ್ಲು, ಮೂಳೆಗಳು ಸಿಕ್ಕವು. ಅವು ಎತ್ತಿನವೂ ಅಲ್ಲ, ಎಮ್ಮೆಯವೂ ಅಲ್ಲ. ಅವು ಘೇಂಡಾಮೃಗದವು!

ಆಶ್ಚರ್ಯವಾಯಿತೇ? ಈಗ ಘೇಂಡಾಮೃಗವನ್ನು ಕಾಡಿನಲ್ಲಿ ನೋಡಬೇಕೆಂದರೆ ನಾವು ಅಸ್ಸಾಮಿನ ಕಾಜಿರಂಗದಂಥ ದೂರದ ಕಾಡಿಗೆ ಹೋಗಬೇಕು. ಕಾಜಿರಂಗ ಎಂಥ ಜಾಗ? ಬ್ರಹ್ಮಪುತ್ರೆಯ ಪಕ್ಕದ ಜೌಗು ನೆಲ. ಆನೆಯನ್ನೂ ಮರೆಮಾಡುವಷ್ಟು ಎತ್ತರದ ಹುಲ್ಲು. ಮಳೆಗಾಲದಲ್ಲಿ ಉಕ್ಕುವ ನೀರು. ಬೇಸಿಗೆಯಲ್ಲೂ ಬತ್ತದ ಕೆಸರು ಮಡುಗಳು. ಘೇಂಡಾಮೃಗಕ್ಕೆ ದಿನವೂ ಬಹಳಷ್ಟು ಹುಲ್ಲು ಬೇಕು. ಮೈ ತಂಪು ಮಾಡಿಕೊಳ್ಳಲು ನೀರು, ಕೆಸರು ಬೇಕು.

ಹಾಗಾದರೆ ಗೋಕಾಕಿನ ಘೇಂಡಾಮೃಗ ಏನು ಹೇಳುತ್ತದೆ? ಬಹಳ ಹಿಂದೆ ಘಟಪ್ರಭೆಯ ಬಯಲಿನಲ್ಲಿ ಅದು ಬದುಕುವಷ್ಟು ನೀರು, ಹುಲ್ಲು ಇದ್ದಿರಬೇಕು ಎಂದಲ್ಲವೇ? ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಅದೇ ನೀರು ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ಅಂಚಿನಲ್ಲಿ ಹರಿದು ಹೋಗುತ್ತದೆ. ನಮ್ಮ ಹೊಳೆಯ ಮೇಲ್ದಂಡೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು!

ಫೂಟ್ ಅವರು ಆ ಹಲ್ಲುಗಳನ್ನು ಅಳೆದು, ಬೇರೆ ಘೇಂಡಾಮೃಗಗಳ ಹಲ್ಲುಗಳ ಜೊತೆ ಹೋಲಿಸಿ ನೋಡಿದರು. ಇದು ಅಳಿದುಹೋದ ಬೇರೆಯೇ ಜಾತಿ ಎಂದು ತೀರ್ಮಾನಿಸಿ, 1874ರಲ್ಲಿ ಅದನ್ನು ವಿವರಿಸಿ ಬರೆದರು. ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಡೆಕ್ಕನ್ ಎಂದರೆ ದಖ್ಖನ್, ಅಂದರೆ ನಮ್ಮ ಪ್ರಸ್ಥಭೂಮಿ. ನಮ್ಮ ನೆಲದ ಹೆಸರನ್ನೇ ಆ ಪ್ರಾಣಿ ಹೊತ್ತಿದೆ.

ಮೂಳೆ ಕಲ್ಲಾಗುವುದು ಹೇಗೆ?

ಸತ್ತ ಪ್ರಾಣಿಗಳೆಲ್ಲ ಪಳೆಯುಳಿಕೆ ಆಗುವುದಿಲ್ಲ. ಬಯಲಲ್ಲಿ ಬಿದ್ದ ಹೆಣವನ್ನು ನಾಯಿ, ನರಿ, ಹದ್ದುಗಳು ತಿನ್ನುತ್ತವೆ. ಉಳಿದ ಮೂಳೆ ಬಿಸಿಲಿಗೆ, ಮಳೆಗೆ ಪುಡಿಯಾಗುತ್ತದೆ. ಆದರೆ ಪ್ರಾಣಿ ಹೊಳೆಯ ಬದಿಯಲ್ಲೋ ಜೌಗಿನಲ್ಲೋ ಸತ್ತರೆ ಬೇಗನೆ ಕೆಸರು ಮುಚ್ಚಿಕೊಳ್ಳಬಹುದು. ಕೆಸರಿನೊಳಗೆ ಗಾಳಿ ಆಡುವುದಿಲ್ಲ. ಕೊಳೆಯುವುದು ನಿಧಾನವಾಗುತ್ತದೆ. ವರ್ಷ ವರ್ಷವೂ ಮೇಲೆ ಹೊಸ ಮಣ್ಣು ಬೀಳುತ್ತದೆ. ಮಣ್ಣಿನ ನೀರಿನಲ್ಲಿ ಕರಗಿರುವ ಖನಿಜಗಳು ಮೂಳೆಯ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಗಟ್ಟಿಯಾಗುತ್ತವೆ. ಸಾವಿರಾರು ವರ್ಷಗಳ ಮೇಲೆ ಹಳ್ಳವೊಂದು ಆ ಮಣ್ಣನ್ನು ಕೊರೆದಾಗ ಮೂಳೆ ಮತ್ತೆ ಹೊರಗೆ ಇಣುಕುತ್ತದೆ.

ಆದ್ದರಿಂದ ಪಳೆಯುಳಿಕೆ ಹುಡುಕುವವರು ನೀರಿನ ಹಳೆಯ ಜಾಡನ್ನು ಹುಡುಕುತ್ತಾರೆ. ಈಗ ಒಣಗಿರುವ ನೆಲದಲ್ಲಿ ಹಿಂದೆ ಕೆರೆ, ಹೊಳೆ, ಜೌಗು ಎಲ್ಲಿತ್ತು ಎಂದು ನೋಡುತ್ತಾರೆ.

ನಮ್ಮ ಗುಂಡುಕಲ್ಲಿನಲ್ಲಿ ಏಕೆ ಇಲ್ಲ?

ರಾಯಚೂರಿನ ಕೋಟೆ ಗುಡ್ಡವನ್ನು ಎಷ್ಟು ಒಡೆದರೂ ಅದರೊಳಗೆ ಒಂದು ಮೂಳೆಯೂ ಸಿಗದು. ಏಕೆ ಗೊತ್ತೇ? ಅದು ಗ್ರಾನೈಟ್. ಭೂಮಿಯ ಆಳದಲ್ಲಿ ಕುದಿಯುವ ಪಾಕದಂತಿದ್ದು, ನಿಧಾನವಾಗಿ ತಣ್ಣಗಾಗಿ ಗಟ್ಟಿಯಾದ ಶಿಲೆ. ಕುದಿಯುವ ಪಾಕದಲ್ಲಿ ಜೀವಿ ಇರಲು ಸಾಧ್ಯವಿಲ್ಲ. ಅಲ್ಲದೆ ನಮ್ಮ ಭಾಗದ ಇಂಥ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಇನ್ನೂ ಹಳೆಯವು. ಆಗ ಭೂಮಿಯ ಮೇಲೆ ಮೂಳೆಯಿರುವ ಪ್ರಾಣಿಯೇ ಹುಟ್ಟಿರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಈ ಹಳೆಯ ಶಿಲೆಗಳನ್ನು ವಿಂಗಡಿಸಿದ್ದೂ ಫೂಟ್ ಅವರ ದೊಡ್ಡ ಕೆಲಸ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವೆ ಪಟ್ಟಿ ಪಟ್ಟಿಯಾಗಿ ಬೇರೆ ಬಗೆಯ ಕಪ್ಪು ಹಸಿರು ಶಿಲೆಗಳಿರುವುದನ್ನು ಅವರು ಗುರುತಿಸಿದರು. 1880ರ ದಶಕದಲ್ಲಿ ಅವಕ್ಕೆ ಧಾರವಾಡ ಶಿಲಾಶ್ರೇಣಿ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನ ಹೆಚ್ಚಾಗಿ ಈ ಪಟ್ಟಿಗಳಲ್ಲೇ ಇದೆ ಎಂದು ತೋರಿಸಿದರು. ನಮ್ಮ ಹಟ್ಟಿ ಚಿನ್ನದ ಗಣಿ ಇರುವುದು ಅಂಥದೇ ಪಟ್ಟಿಯಲ್ಲಿ. ಇಂದಿಗೂ ಪ್ರಪಂಚದ ಭೂವಿಜ್ಞಾನಿಗಳು ಧಾರವಾಡದ ಹೆಸರನ್ನು ಬಳಸುತ್ತಾರೆ.

ಆಗ ರಾಯಚೂರು ಭಾಗ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. ಫೂಟ್ ಅವರು 1870ರಲ್ಲಿ ಒಮ್ಮೆ, 1888ರಲ್ಲಿ ಮತ್ತೊಮ್ಮೆ ಮಸ್ಕಿಗೆ ಬಂದರು. ಅಲ್ಲಿ ಹಳೆಯ ಜನರ ಕುರುಹುಗಳಿವೆ ಎಂದು ಗುರುತಿಸಿದರು. ಮಸ್ಕಿಯಲ್ಲಿ ಅಶೋಕನ ಶಾಸನ ಪತ್ತೆಯಾದದ್ದು ಅದಕ್ಕಿಂತ ಬಹಳ ತಡವಾಗಿ, 1915ರಲ್ಲಿ.

ಗುಹೆಯೊಳಗಿನ ಮೂಳೆಗಳು

ಪಳೆಯುಳಿಕೆ ಸಿಗುವ ಇನ್ನೊಂದು ಜಾಗ ಸುಣ್ಣಕಲ್ಲಿನ ಗುಹೆ. ತುಂಗಭದ್ರೆಯ ಆಚೆ, ಆಂಧ್ರಪ್ರದೇಶದ ಕರ್ನೂಲು ಸೀಮೆಯಲ್ಲಿ, ಬೇತಂಚೆರ್ಲದ ಬಳಿ ಬಿಲ್ಲ ಸುರ್ಗಂ ಎಂಬ ಗುಹೆಗಳಿವೆ. 1884ರಲ್ಲಿ ಫೂಟ್ ಅವರು ಅಲ್ಲಿ ಅಗೆತ ಆರಂಭಿಸಿದರು. ಮುಂದೆ ಅವರ ಮಗ ಹೆನ್ರಿ ಆ ಕೆಲಸವನ್ನು ಮುಂದುವರಿಸಿದರು. ಹೆನ್ರಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು.

ಅಗೆದಂತೆ ಅಗೆದಂತೆ ಮೂಳೆ, ಹಲ್ಲುಗಳು ಬಂದವು. ಅವನ್ನು ರಿಚರ್ಡ್ ಲಿಡೆಕ್ಕರ್ ಎಂಬ ತಜ್ಞರು ಪರೀಕ್ಷಿಸಿದರು. ಹುಲಿ, ಕತ್ತೆಕಿರುಬ, ಜಿಂಕೆ, ಮಂಗ ಇವೆಲ್ಲದರ ಜೊತೆ ಅಲ್ಲಿಯೂ ಘೇಂಡಾಮೃಗವಿತ್ತು! ಗೋಕಾಕಿನಲ್ಲಿ ಒಂದು, ಕರ್ನೂಲಿನಲ್ಲಿ ಇನ್ನೊಂದು. ನಮ್ಮ ರಾಯಚೂರು ಜಿಲ್ಲೆ ಈ ಎರಡರ ನಡುವೆ ಇದೆ.

ಫೂಟ್ ಅವರ ಆಸೆ ಮಾತ್ರ ಪೂರ್ತಿ ಈಡೇರಲಿಲ್ಲ. ಕಲ್ಲಿನ ಆಯುಧಗಳನ್ನು ಮಾಡಿದ ಆ ಹಳೆಯ ಮನುಷ್ಯನ ಮೂಳೆ ಸಿಕ್ಕೀತೇ ಎಂದು ಅವರು ಕಾದಿದ್ದರು. ಅದು ಸಿಗಲಿಲ್ಲ. ಮೂಳೆಯಿಂದ ಮಾಡಿದ ಆಯುಧಗಳೆಂದು ಅವರು ತಿಳಿದ ತುಣುಕುಗಳು ಸಿಕ್ಕವು. ನಂತರದ ವಿಜ್ಞಾನಿಗಳು ಅವೆಲ್ಲವನ್ನೂ ಒಪ್ಪಿಲ್ಲ. ವಿಜ್ಞಾನದಲ್ಲಿ ಹೀಗೂ ಆಗುತ್ತದೆ.

ಬೂದಿ ದಿಬ್ಬದ ಗುಟ್ಟು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅದರ ಬಳಿ ದೊಡ್ಡದೊಂದು ಬೂದಿ ದಿಬ್ಬವಿದೆ. ಕೃಷ್ಣಾ, ತುಂಗಭದ್ರಾ ನದಿಗಳ ಸೀಮೆಯಲ್ಲಿ ಇಂಥ ದಿಬ್ಬಗಳು ಹಲವು ಕಡೆ ಇವೆ. ಇಷ್ಟು ಬೂದಿ ಎಲ್ಲಿಂದ ಬಂತು? ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ಹೇಳುತ್ತಾರೆ. ಕೆಲವು ವಿದ್ವಾಂಸರು ಇವು ಹಳೆಯ ಕುಲುಮೆಗಳಿರಬೇಕು ಎಂದರು.

ಫೂಟ್ ಅವರು ಬೂದಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಇದು ದನದ ಸಗಣಿ ಸುಟ್ಟ ಬೂದಿ ಎಂದರು. ಹಳೆಯ ಕಾಲದ ದನಗಾಹಿ ಜನ ಒಂದೇ ಜಾಗದಲ್ಲಿ ದೊಡ್ಡಿ ಮಾಡಿ ದನ ಕೂಡುತ್ತಿದ್ದರು, ರಾಶಿಯಾದ ಸಗಣಿಗೆ ಬೆಂಕಿ ಬಿದ್ದು ಬೂದಿಯಾಯಿತು ಎಂಬುದು ಅದರ ಅರ್ಥ. ಆಗ ಎಲ್ಲರೂ ಇದನ್ನು ನಂಬಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಬೂದಿ ದಿಬ್ಬವೊಂದನ್ನು ಅಗೆದರು. ಪದರಗಳ ನಡುವೆ ಏನು ಕಂಡಿತು ಗೊತ್ತೇ? ದನಗಳ ಗೊರಸಿನ ಗುರುತು! ಫೂಟ್ ಅವರು ತೀರಿಹೋಗಿ 45 ವರ್ಷಗಳ ಮೇಲೆ ಅವರ ಮಾತು ನಿಜವಾಯಿತು.

ಕುಳ್ಳು ಸುಟ್ಟ ಒಲೆಯ ಬೂದಿಯನ್ನು ನೀವು ಎಷ್ಟು ಸಲ ನೋಡಿಲ್ಲ? ನೋಡುವುದು ಬೇರೆ, ನೋಡಿ ಯೋಚಿಸುವುದು ಬೇರೆ.

ಅವರೂ ತಪ್ಪಿದರು

ಹಳೆಯ ಶಿಲಾಯುಗದ ಜನ ಒರಟು ಕೈಗೊಡಲಿ ಮಾಡುತ್ತಿದ್ದರು. ನವಶಿಲಾಯುಗದ ಜನ ಉಜ್ಜಿ ನಯ ಮಾಡಿದ ಕೊಡಲಿ ಬಳಸುತ್ತಿದ್ದರು, ದನ ಸಾಕುತ್ತಿದ್ದರು. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ಅಂಥ ಕೊಡಲಿಗಳನ್ನು ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಯಂಥ ಜಾಗವನ್ನು ಫೂಟ್ ಅವರೇ ಪತ್ತೆಹಚ್ಚಿದ್ದರು. ಆದರೆ ಈ ಎರಡು ಕಾಲಗಳ ನಡುವೆ ದಕ್ಷಿಣ ಭಾರತದಲ್ಲಿ ಬಹುಕಾಲ ಮನುಷ್ಯರೇ ಇರಲಿಲ್ಲ, ದೊಡ್ಡ ಖಾಲಿ ಅಂತರವಿತ್ತು ಎಂದು ಅವರು ಭಾವಿಸಿದರು.

ಇದು ತಪ್ಪಾಗಿತ್ತು. ಆ ನಡುವಿನ ಕಾಲದ ಆಯುಧಗಳು ಮುಂದೆ ಬಹಳಷ್ಟು ಸಿಕ್ಕವು. ಅಂತರ ತುಂಬಿತು. ಹಾಗೆ ತುಂಬಲು ನೆರವಾದದ್ದೂ ಫೂಟ್ ಅವರ ಅಭ್ಯಾಸವೇ. ಪ್ರತಿ ವಸ್ತುವೂ ಯಾವ ಊರಿನಲ್ಲಿ, ಎಂಥ ಜಾಗದಲ್ಲಿ ಸಿಕ್ಕಿತೆಂದು ಅವರು ಬರೆದಿಟ್ಟಿದ್ದರು. ಆದ್ದರಿಂದ ನಂತರದವರು ಅದೇ ಜಾಗಗಳಿಗೆ ಹೋಗಿ ಮತ್ತೆ ನೋಡಲು ಸಾಧ್ಯವಾಯಿತು, ಅವರನ್ನು ತಿದ್ದಲೂ ಸಾಧ್ಯವಾಯಿತು.

ಮೈಸೂರು, ಏರ್ಕಾಡು

1891ರಲ್ಲಿ ಫೂಟ್ ಅವರು ಸರ್ವೇಕ್ಷಣಾ ಸಂಸ್ಥೆಯಿಂದ ನಿವೃತ್ತರಾದರು. ಸುಮ್ಮನೆ ಕೂರಲಿಲ್ಲ. ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿತು. ಅದರ ಮೊದಲ ಮುಖ್ಯಸ್ಥರು ಅವರೇ. ಆಗ ಅವರಿಗೆ 60 ವರ್ಷ. ಆ ವಯಸ್ಸಿನಲ್ಲೂ ಮೈಸೂರು ಸೀಮೆಯಲ್ಲಿ ಸುತ್ತಾಡಿ ಶಿಲೆಗಳನ್ನು ಪರೀಕ್ಷಿಸಿದರು.

ಕೊನೆಯ ವರ್ಷಗಳಲ್ಲಿ ಅವರು ತಮಿಳುನಾಡಿನ ಏರ್ಕಾಡು ಬೆಟ್ಟದಲ್ಲಿ ನೆಲೆಸಿದರು. ಜೀವಮಾನವೆಲ್ಲ ಕೂಡಿಸಿದ ಕಲ್ಲಿನ ಆಯುಧ, ಮಡಕೆ ಚೂರುಗಳು ಅವರ ಬಳಿ ಇದ್ದವು. ನಾನೂರಕ್ಕೂ ಹೆಚ್ಚು ನೆಲೆಗಳಿಂದ ತಂದವು. 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತು ಸಂಗ್ರಹಾಲಯ ಅವನ್ನು 40,000 ರೂಪಾಯಿಗೆ ಕೊಂಡುಕೊಂಡಿತು. ಒಂದೊಂದು ವಸ್ತುವಿಗೂ ಊರಿನ ಹೆಸರು ಹಚ್ಚಿ ಪಟ್ಟಿ ಮಾಡುವ ಕೆಲಸವನ್ನು ಫೂಟ್ ಅವರು ಮುಪ್ಪಿನಲ್ಲಿ ಕೈಗೊಂಡರು. 1912ರ ಡಿಸೆಂಬರ್ 29ರಂದು, 78ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಪಟ್ಟಿ ಮತ್ತು ಟಿಪ್ಪಣಿಗಳು ಅಚ್ಚಾದದ್ದು ಆಮೇಲೆ, 1914 ಮತ್ತು 1916ರಲ್ಲಿ.

ಕತೆ ಮುಗಿದಿಲ್ಲ

ಫೂಟ್ ಅವರ ಕಾಲದಲ್ಲಿ ಕೈಗೊಡಲಿಯ ವಯಸ್ಸನ್ನು ಅಳೆಯುವ ವಿಧಾನ ಇರಲಿಲ್ಲ. ಬಹಳ ಹಳೆಯದು ಎನ್ನಬಹುದಿತ್ತು, ಅಷ್ಟೇ. ಈಗ ಅಳೆಯಬಹುದು. ಅವರು ಕಂಡ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಅವರ ತಂಡದವರು ಮತ್ತೆ ಅಗೆದರು. ಅಲ್ಲಿನ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ವಯಸ್ಸು ಎಂದು 2011ರಲ್ಲಿ ಪ್ರಕಟಿಸಿದರು.

ನಮ್ಮ ಪಕ್ಕದಲ್ಲೇ ಇನ್ನೊಂದು ಜಾಗವಿದೆ. ದೇವದುರ್ಗದಿಂದ ತಿಂಥಣಿ ಸೇತುವೆ ದಾಟಿದರೆ ಸುರಪುರ. ಅದರಾಚೆ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರು 1970ರ ದಶಕದಿಂದ ಅಲ್ಲಿ ದುಡಿದು ಹಳೆಯ ಶಿಲಾಯುಗದ ಹಲವಾರು ನೆಲೆಗಳನ್ನು ಕಂಡುಹಿಡಿದರು. ಅಲ್ಲಿನ ಇಸಾಂಪುರದಲ್ಲಿ ಜನ ಸುಣ್ಣಕಲ್ಲನ್ನು ಚಕ್ಕೆ ಎಬ್ಬಿಸಿ ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಪ್ರಾಣಿಗಳ ಹಲ್ಲುಗಳ ಪಳೆಯುಳಿಕೆಗಳೂ ದೊರೆತಿವೆ. ಹಲ್ಲನ್ನು ಪರೀಕ್ಷಿಸಿ ಲೆಕ್ಕ ಹಾಕಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ!

ಆ ಜನ ಅಲ್ಲಿಯೇ ಏಕೆ ಉಳಿದರು? ಉತ್ತರ ಮತ್ತೆ ನೀರೇ. ಆ ಕಣಿವೆಯಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳಿದ್ದವು. ಒರತೆಯ ನೀರಿಗೆ ಪ್ರಾಣಿಗಳು ಬರುತ್ತಿದ್ದವು. ಪ್ರಾಣಿಗಳಿದ್ದಲ್ಲಿ ಮನುಷ್ಯರೂ ಇದ್ದರು.

ಈಗ ನಿಮ್ಮ ಸರದಿ

ಮಕ್ಕಳೇ, ಇಲ್ಲಿ ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ಬೂದಿ ದಿಬ್ಬಗಳನ್ನು ಎಷ್ಟೋ ಕಡೆ ಜನ ಗೊಬ್ಬರಕ್ಕೆಂದು ಗಾಡಿಗಳಲ್ಲಿ ತುಂಬಿ ಒಯ್ದಿದ್ದಾರೆ. ಸಂಗನಕಲ್ಲು ಬೆಟ್ಟದಲ್ಲಿ ಕಲ್ಲು ಒಡೆಯುವಾಗ ಹಳೆಯ ಕುರುಹುಗಳು ನಾಶವಾಗಿವೆ. ಹಳ್ಳದ ಮರಳು ತೆಗೆಯುವಾಗ, ಹೊಲ ಮಟ್ಟ ಮಾಡುವಾಗ, ರಸ್ತೆಗೆ ಗರಸು ಅಗೆಯುವಾಗ ಏನು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಹಾಗೆ ಮಾಡುವವರಿಗೆ ಅದು ಬರೀ ಮಣ್ಣು. ಒಮ್ಮೆ ಕಲಕಿದ ಪದರವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಪುಸ್ತಕದ ಹಾಳೆ ಹರಿದು ಗಾಳಿಗೆ ತೂರಿದಂತೆ.

ನಿಮಗೆ ಒಂದು ವಿಚಿತ್ರ ಕಲ್ಲೋ ಮೂಳೆಯೋ ಸಿಕ್ಕರೆ ಏನು ಮಾಡಬೇಕು? ಕಿತ್ತು ಮನೆಗೆ ತರಬೇಡಿ. ತಂದರೆ ಅದು ಬರೀ ಕಲ್ಲಾಗುತ್ತದೆ. ಎಲ್ಲಿತ್ತು, ಯಾವ ಮಣ್ಣಿನಲ್ಲಿತ್ತು, ಜೊತೆಗೆ ಏನಿತ್ತು ಎಂಬುದು ಕಳೆದುಹೋಗುತ್ತದೆ. ಅದಿರುವ ಜಾಗವನ್ನು ಗುರುತು ಮಾಡಿಕೊಳ್ಳಿ. ಚಿತ್ರ ಬರೆಯಿರಿ. ನಿಮ್ಮ ಗುರುಗಳಿಗೆ ತಿಳಿಸಿ. ಅವರು ಪುರಾತತ್ವ ಇಲಾಖೆಗೆ ಬರೆಯಬಹುದು.

ಬಳ್ಳಾರಿಗೆ ಹೋದರೆ ಅಲ್ಲಿ ಫೂಟ್ ಅವರ ಹೆಸರಿನಲ್ಲೇ ಸಂಗನಕಲ್ಲಿನ ವಸ್ತುಗಳ ಸಂಗ್ರಹಾಲಯವಿದೆ. ತಪ್ಪದೆ ನೋಡಿ ಬನ್ನಿ.

ಪಲ್ಲಾವರಂನ ಆ ಗುಂಡಿಯ ಪಕ್ಕದಲ್ಲಿ ಎಷ್ಟು ಜನ ಓಡಾಡಿದ್ದರೋ! ಬಗ್ಗಿ ನೋಡಿದವರು ಒಬ್ಬರೇ. ನಾಳೆ ಶಾಲೆಗೆ ಬರುವಾಗ ಹಳ್ಳದ ದಂಡೆಯ ಹತ್ತಿರ ಒಂದು ಗಳಿಗೆ ನಿಂತು ನೋಡುತ್ತೀರಲ್ಲವೇ?

ನೆನಪಿಡಿ

1834 – ಚೆಲ್ಟನ್‌ಹ್ಯಾಮ್‌ನಲ್ಲಿ ಜನನ
1858 – ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರ್ಪಡೆ
1863 – ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧ ಪತ್ತೆ
1874 – ಗೋಕಾಕಿನ ಘೇಂಡಾಮೃಗದ ವಿವರಣೆ ಪ್ರಕಟ
1884 – ಬಿಲ್ಲ ಸುರ್ಗಂ ಗುಹೆಗಳಲ್ಲಿ ಅಗೆತ
1894 – ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥ
1904 – ಸಂಗ್ರಹ ಮದ್ರಾಸ್ ವಸ್ತು ಸಂಗ್ರಹಾಲಯಕ್ಕೆ
1912 – ನಿಧನ

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಗಲ ಬಾಯಿಯ ಒಂದು ಪಾರದರ್ಶಕ ಬಾಟಲಿ, ಎರೆಮಣ್ಣು, ಮಸಾರಿ ಮಣ್ಣು, ಮರಳು, ಸಣ್ಣ ಹರಳು, ಒಂದು ಬಸವನಹುಳುವಿನ ಖಾಲಿ ಚಿಪ್ಪು, ನೀರು.

1. ಬಾಟಲಿಯ ತಳಕ್ಕೆ ಒಂದು ಬೆರಳು ದಪ್ಪ ಮಸಾರಿ ಮಣ್ಣು ಹಾಕಿ. ಅದರ ಮೇಲೆ ಚಿಪ್ಪನ್ನು ಇಡಿ.
2. ಮರಳು, ಹರಳು, ಎರೆಮಣ್ಣನ್ನು ಒಂದು ಚೊಂಬು ನೀರಿನಲ್ಲಿ ಕಲಸಿ ನಿಧಾನವಾಗಿ ಸುರಿಯಿರಿ. ಅಲುಗಿಸದೆ ಒಂದು ದಿನ ಬಿಡಿ.
3. ಯಾವುದು ಮೊದಲು ತಳ ಸೇರಿತು? ಯಾವುದು ಮೇಲೆ ಕುಳಿತಿತು? ಚಿಪ್ಪು ಎಲ್ಲಿದೆ? ಚಿತ್ರ ಬರೆದು ಹೆಸರಿಸಿ.
4. ಈಗ ಬಾಟಲಿಯ ಬಾಯಿ ಮುಚ್ಚಿ ಜೋರಾಗಿ ಅಲುಗಿಸಿ. ಮತ್ತೆ ಒಂದು ದಿನ ಬಿಡಿ. ಮೊದಲಿದ್ದ ಮಸಾರಿ ಪದರ ಎಲ್ಲಿ ಹೋಯಿತು? ಚಿಪ್ಪು ಮೊದಲು ಯಾವ ಪದರದ ಮೇಲಿತ್ತೆಂದು ಈಗ ಬಾಟಲಿಯನ್ನು ನೋಡಿ ಹೇಳಬಲ್ಲಿರಾ? ಗೆಳೆಯರೊಂದಿಗೆ ಚರ್ಚಿಸಿ.